ಸಂದೂಕದ ಹಳೆಯ ಬಟ್ಟೆ ಏಕೆ ಲಡ್ಡಾಗುತ್ತಿದೆ: ಕಲಬುರಗಿ, ಬೀದರ್, ಯಾದಗಿರಿ ಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ಅಜ್ಜಿಯ ಇಳಕಲ್ ಸೀರೆ, ನಿಜಾಮರ ಆಳ್ವಿಕೆಯಲ್ಲಿ ಮುತ್ತಜ್ಜ ತೊಟ್ಟಿದ್ದ, ಹತ್ತಿ ರೇಷ್ಮೆ ಕೂಡಿಸಿ ನೇಯ್ದ ಹಿಮ್ರೂ ಬಟ್ಟೆಯ ಶೇರವಾನಿ, ತಾಂಡಾದಿಂದ ಬಂದ ಕನ್ನಡಿ ಕಸೂತಿಯ ಲಂಬಾಣಿ ಲಂಗ, ಓಲೆಗರಿಯ ಕಟ್ಟನ್ನು ಸುತ್ತಿಟ್ಟ ಕೆಂಪು ವಸ್ತ್ರ: ಈ ಭಾಗದ ಹಳೆಯ ಮನೆಗಳ ಸಂದೂಕದಲ್ಲಿ ಇವುಗಳಲ್ಲಿ ಒಂದಾದರೂ ಸಿಗುತ್ತದೆ. ಹೊರತೆಗೆದಾಗ ಅದು ಕೈಯಲ್ಲೇ ಪಿಸಿದರೆ, ವಯಸ್ಸಾಯಿತು, ಲಡ್ಡಾಗಿದೆ ಎಂದು ಹೇಳಿ ಮತ್ತೆ ಮಡಿಚಿಡುತ್ತೇವೆ. ಆದರೆ ಒಂದೇ ಮದುವೆಗೆ ತಂದು ಒಂದೇ ಪೆಟ್ಟಿಗೆಯಲ್ಲಿಟ್ಟ ಎರಡು ಸೀರೆಗಳಲ್ಲಿ ಒಂದು ಇಂದಿಗೂ ಗಟ್ಟಿಯಾಗಿದ್ದು ಇನ್ನೊಂದು ಪುಡಿಯಾಗಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಎರಡರ ವಯಸ್ಸೂ ಒಂದೇ ಆಗಿರುವುದರಿಂದ ಕಾರಣವನ್ನು ಬೇರೆಡೆ ಹುಡುಕಬೇಕು. ಬೆಳಕು, ಆಮ್ಲ, ತೇವ, ಲೋಹ, ಹುಳು, ಹಾಗೂ ನೂಲಿಗೆ ಬಣ್ಣ ಹಾಕುವಾಗಲೇ ಸೇರಿಕೊಂಡ ರಾಸಾಯನಿಕಗಳು ಒಂದೊಂದೂ ತಮ್ಮದೇ ಗುರುತನ್ನು ಬಿಟ್ಟಿರುತ್ತವೆ.

ಆ ಗುರುತನ್ನು ಓದುವ ಮೊದಲೇ ಬಟ್ಟೆಯನ್ನು ತೊಳೆಯುವುದು, ಇಸ್ತ್ರಿ ಮಾಡುವುದು, ಬಿಸಿಲಿಗೆ ಹಾಕುವುದು ಬೇಡ. ಕಡಿದುಹೋದ ಎಳೆಯ ಬಲ ಯಾವ ಉಪಚಾರದಿಂದಲೂ ಮರಳುವುದಿಲ್ಲ; ಕಾರಣವನ್ನು ಗುರುತಿಸಿ ತೆಗೆದುಹಾಕಿದರೆ ಉಳಿದದ್ದು ಉಳಿಯುತ್ತದೆ.

ಪೆಟ್ಟಿಗೆ ತೆರೆಯುವ ಮುನ್ನ

ಮೇ ತಿಂಗಳ ಮಧ್ಯಾಹ್ನ ಈ ಕೆಲಸಕ್ಕೆ ಕೈ ಹಾಕಬಾರದು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 65ರಷ್ಟಿದ್ದಾಗ ಹತ್ತಿ ತನ್ನ ತೂಕದ ಸುಮಾರು ಶೇ 8ರಷ್ಟು, ರೇಷ್ಮೆ ಸುಮಾರು ಶೇ 11ರಷ್ಟು ನೀರನ್ನು ಒಳಗೆ ಹಿಡಿದಿಟ್ಟುಕೊಂಡಿರುತ್ತದೆ. ಎಳೆಗೆ ಬಾಗುವ ಗುಣ ಬರುವುದು ಆ ನೀರಿನಿಂದಲೇ. ಉಷ್ಣತೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯ ಒಣಗಾಳಿಯಲ್ಲಿ ಎಳೆ ಆ ನೀರನ್ನು ಕಳೆದುಕೊಂಡು ಪೆಡಸಾಗಿರುವುದರಿಂದ, ಆಗ ಮಡಿಕೆ ಬಿಚ್ಚುವುದೇ ಒಂದು ಹಾನಿ. ಮಳೆಗಾಲ ಮುಗಿದ ನಂತರದ ಅಕ್ಟೋಬರ್, ನವೆಂಬರ್ ತಿಂಗಳ ಬೆಳಗುಗಳು ಇದಕ್ಕೆ ಹದವಾದ ಹೊತ್ತು.

ಮೇಜಿನ ಮೇಲೆ ಗಂಜಿಯಿಲ್ಲದ, ಒಗೆದ ಬಿಳಿ ಹತ್ತಿ ಬಟ್ಟೆಯನ್ನು ಹಾಸಿ. ಉಂಗುರ, ಬಳೆಗಳನ್ನು ತೆಗೆದಿಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಒಂದು ಟಾರ್ಚು, ಬಿಳಿ ಬ್ಲಾಟಿಂಗ್ ಕಾಗದ ಮತ್ತು ಒಂದು ನೋಟುಪುಸ್ತಕ ಇದ್ದರೆ ಮನೆಯ ಮಟ್ಟದ ಪರೀಕ್ಷೆಗೆ ಸಾಕು. ಬಟ್ಟೆಯನ್ನು ಝಾಡಿಸಬೇಡಿ. ಪೆಟ್ಟಿಗೆಯ ತಳದಲ್ಲಿ ಬಿದ್ದಿರುವ ಎಳೆಯ ಪುಡಿ, ಹುಳುವಿನ ಪೊರೆ, ತುಕ್ಕಿನ ಚಕ್ಕೆ ಎಲ್ಲವೂ ಸಾಕ್ಷ್ಯವಾದ್ದರಿಂದ ಅವನ್ನು ಕಾಗದದ ಪೊಟ್ಟಣದಲ್ಲಿ ಎತ್ತಿಡಿ ಮತ್ತು ಬಟ್ಟೆ ಇದ್ದ ಸ್ಥಿತಿಯಲ್ಲೇ ಫೋಟೊ ತೆಗೆಯಿರಿ.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಬೇಕು. ಹಳೆಯ ಟ್ರಂಕುಗಳಲ್ಲಿ ಬಿಳಿ ಪುಡಿ ಕಂಡರೆ ಅದು ಹಿಂದಿನವರು ಹುಳುಗಳಿಗೆಂದು ಉದುರಿಸಿದ ಡಿಡಿಟಿ ಅಥವಾ ಗ್ಯಾಮಕ್ಸಿನ್ ಆಗಿರಬಹುದು. ಇವು ದಶಕಗಳಾದರೂ ವಿಷವನ್ನು ಉಳಿಸಿಕೊಂಡಿರುತ್ತವೆ. ಎನ್95 ಮುಖಗವಸು ಮತ್ತು ನೈಟ್ರೈಲ್ ಕೈಗವಸು ಇಲ್ಲದೆ ಮುಟ್ಟಬೇಡಿ, ಊದಬೇಡಿ, ಗುಡಿಸಬೇಡಿ. ಡಾಂಬರು ಗುಳಿಗೆಯ ವಾಸನೆ ಗಾಢವಾಗಿದ್ದರೆ ಪೆಟ್ಟಿಗೆಯನ್ನು ಪಡಸಾಲೆಯ ಹೊರಗೆ ತೆರೆಯಿರಿ, ಎಳೆಯ ಕೂಸುಗಳನ್ನು ದೂರವಿಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಆ ಗುಳಿಗೆಯಿಂದ ಏಳುವ ನ್ಯಾಫ್ತಲೀನ್ ಆವಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಆ ಗುಳಿಗೆಯ ಪಕ್ಕದಲ್ಲಿದ್ದ ಬಟ್ಟೆಯನ್ನು ತೆಗೆದ ದಿನವೇ ಕೂಸಿಗೆ ಹೊದಿಸುವ ರೂಢಿಯನ್ನು ದಯವಿಟ್ಟು ಬಿಡಬೇಕು.

ಬಿಳಿ ಬಟ್ಟೆ ಹಳದಿಯಾಗಿದೆ, ಕಂದಾಗಿದೆ

ಧೋತರ, ರುಮಾಲು, ಬಿಳಿ ಮೇಲುವಸ್ತ್ರಗಳಲ್ಲಿ ಹೆಚ್ಚಾಗಿ ಕಾಣುವ ಲಕ್ಷಣವಿದು. ಹಳದಿ ಎಲ್ಲಿದೆ ಎಂಬುದನ್ನು ಮೊದಲು ನೋಡಿ. ಬಟ್ಟೆಯ ಎಲ್ಲ ಕಡೆಯೂ ಒಂದೇ ಸಮನಾಗಿದ್ದರೆ ಅದು ಗಾಳಿಯ ಆಮ್ಲಜನಕದಿಂದ ನಿಧಾನವಾಗಿ ಆದ ಉತ್ಕರ್ಷಣೆ, ಅಥವಾ ತೊಳೆಯದೆ ಉಳಿದ ಗಂಜಿ ಹಾಗೂ ಸಬ್ಬಿನ ಪರಿಣಾಮ. ಮರಕ್ಕೆ ತಾಗಿದ್ದ ಮಡಿಕೆಗಳಲ್ಲಿ ಮಾತ್ರ ಇದ್ದರೆ ಪೆಟ್ಟಿಗೆಯ ಮರವೇ ಕಾರಣ. ಬಹುತೇಕ ಮರಗಳು ವರ್ಷಗಟ್ಟಲೆ ಅಸಿಟಿಕ್ ಆಮ್ಲದ ಆವಿಯನ್ನು ಬಿಡುತ್ತಲೇ ಇರುತ್ತವೆ. ಹಾಸಿದ ಹಳೆಯ ಪತ್ರಿಕೆಯ ಆಕಾರದಲ್ಲೇ ಕಂದು ಬಂದಿದ್ದರೆ ಪತ್ರಿಕೆಯ ಆಮ್ಲ ಬಟ್ಟೆಗೆ ಇಳಿದಿದೆ ಎಂದೇ ಅರ್ಥ. ನಡುವೆ ಬಿಳುಪಾಗಿದ್ದು ಅಂಚಿನಲ್ಲಿ ಮಾತ್ರ ಕಂದು ಗೆರೆಯಿರುವ ನಕಾಶೆಯಂಥ ಕಲೆ ಕಂಡರೆ ಒಮ್ಮೆ ನೀರು ಬಿದ್ದು ಒಣಗಿದೆ. ನೀರು ಒಣಗುತ್ತ ಸರಿದಂತೆ ಕೊಳೆಯನ್ನೂ ಆಮ್ಲವನ್ನೂ ಅಂಚಿಗೆ ತಳ್ಳಿರುತ್ತದೆ.

ಹತ್ತಿಯ ಎಳೆ ಎಂದರೆ ಸಾವಿರಾರು ಗ್ಲುಕೋಸ್ ಘಟಕಗಳು ಸರಪಳಿಯಂತೆ ಕೂಡಿದ ಸೆಲ್ಯುಲೋಸ್. ಆಮ್ಲ ಆ ಸರಪಳಿಯ ಕೊಂಡಿಗಳನ್ನು ಅಲ್ಲಲ್ಲಿ ಕಡಿಯುತ್ತದೆ. ಮೊದಲ ಕೆಲವು ಕಡಿತಗಳು ಕಣ್ಣಿಗೆ ಕಾಣುವುದಿಲ್ಲ, ಆದರೆ ಸರಪಳಿ ಗಿಡ್ಡವಾದಂತೆ ಬಟ್ಟೆ ಹಳೆಯ ಕಾಗದದಂತೆ ಮುರಿಯತೊಡಗುತ್ತದೆ. ಆಮ್ಲವನ್ನು ಪತ್ತೆ ಮಾಡಲು, ಅಂಚಿನ ಮರೆಯ ಜಾಗದಲ್ಲಿ ಬಟ್ಟಿ ಇಳಿಸಿದ ನೀರಿನ ಒಂದೇ ಹನಿಯಿಂದ ಒದ್ದೆ ಮಾಡಿದ ಪಿಎಚ್ ಕಾಗದವನ್ನು ಒತ್ತಿಹಿಡಿದರೆ ಸಾಕು. ಓದು 5ಕ್ಕಿಂತ ಕೆಳಗಿದ್ದರೆ ಆಮ್ಲ ಗಂಭೀರವಾಗಿದೆ. ಬಣ್ಣವಿಲ್ಲದ, ಕಸೂತಿಯಿಲ್ಲದ, ಎಳೆದಾಗ ಇನ್ನೂ ಗಟ್ಟಿಯಿರುವ ಬರಿಯ ಹತ್ತಿ ಬಟ್ಟೆಯನ್ನು ಮಾತ್ರ ನೈಲಾನ್ ಬಲೆಯ ಮೇಲೆ ಮಲಗಿಸಿ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ನೀರನ್ನು ಕೆಲವು ಸಲ ಬದಲಿಸಿ, ನೆರಳಲ್ಲಿ ಚಪ್ಪಟೆಯಾಗಿ ಒಣಗಿಸಬಹುದು. ಬ್ಲೀಚಿಂಗ್ ಪುಡಿಯನ್ನು ಯಾವ ಸಂದರ್ಭದಲ್ಲೂ ಬಳಸಬಾರದು, ಏಕೆಂದರೆ ಅದು ಬಿಳುಪನ್ನು ಕೊಡುತ್ತಲೇ ಸರಪಳಿಯನ್ನು ಇನ್ನಷ್ಟು ಕಡಿಯುತ್ತದೆ.

ರೇಷ್ಮೆ ಮಡಿಕೆಯ ಗುಂಟ ಸೀಳಿದೆ

ಹೆಚ್ಚು ಜನರನ್ನು ನೋಯಿಸುವ ದೋಷ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಸೀಳು ಮಡಿಕೆಯ ಮೇಲಷ್ಟೇ ಇದೆಯೇ, ಮಡಿಕೆಯಿಲ್ಲದ ಜಾಗದಲ್ಲೂ ಇದೆಯೇ ಎಂಬುದನ್ನು ಮೊದಲು ಗಮನಿಸಿ. ಮಡಿಕೆಯ ಮೇಲೆ ಮಾತ್ರ ಇದ್ದರೆ, ವರ್ಷಾನುಗಟ್ಟಲೆ ಒಂದೇ ಗೆರೆಯಲ್ಲಿ ಮಡಿಚಿಟ್ಟು, ಮೇಲೆ ಭಾರ ಹೇರಿ, ನಡುವೆ ಇಸ್ತ್ರಿಯನ್ನೂ ತಿಕ್ಕಿದ್ದರ ಫಲವಿದು. ಕಪ್ಪುಮಣ್ಣಿನ ಸಣ್ಣ ಧೂಳು ಮಡಿಕೆಯಲ್ಲಿ ಸೇರಿಕೊಂಡರೆ ಅದರ ಹರಳುಕಣಗಳು ಪ್ರತಿಸಲ ಮಡಿಚುವಾಗಲೂ ಎಳೆಯನ್ನು ಕೊಯ್ಯುತ್ತವೆ. ಬಟ್ಟೆ ಉಳಿದೆಡೆ ಮೃದುವಾಗಿದ್ದರೆ ಮಡಿಚುವುದನ್ನು ನಿಲ್ಲಿಸಿ ಸುತ್ತಿಡುವುದಷ್ಟೇ ಪರಿಹಾರ. ದಪ್ಪ ರಟ್ಟಿನ ಕೊಳವೆಗೆ ಮೊದಲು ಪಾಲಿಯೆಸ್ಟರ್ ಹಾಳೆಯನ್ನೂ ಅದರ ಮೇಲೆ ಒಗೆದ ಮಲ್ಲು ಬಟ್ಟೆಯನ್ನೂ ಸುತ್ತಿ, ಸೀರೆಯ ಮುಖಭಾಗ ಹೊರಗೆ ಬರುವಂತೆ ಹಗುರವಾಗಿ ಸುರುಳಿ ಮಾಡಬೇಕು. ಪಿವಿಸಿ ಪೈಪು ಬೇಡ. ಅದು ಹಳತಾದಂತೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಡುತ್ತದೆ.

ಮಡಿಕೆಯಿಲ್ಲದ ಜಾಗದಲ್ಲೂ ಹತ್ತಾರು ಸಮಾನಾಂತರ ಸೀಳುಗಳು, ಬ್ಲೇಡಿನಿಂದ ಗೀರಿದಂತೆ ಕಂಡರೆ ಕಾರಣ ಬೇರೆಯದು. ಹಸಿ ರೇಷ್ಮೆಯ ಅಂಟನ್ನು ಕುದಿಸಿ ತೆಗೆದಾಗ ಅದರ ತೂಕ ಸುಮಾರು ಕಾಲುಭಾಗ ಇಳಿಯುತ್ತದೆ. ರೇಷ್ಮೆಯನ್ನು ತೂಕದ ಮೇಲೆ ಮಾರುತ್ತಿದ್ದ ಕಾರಣ, 19ನೇ ಶತಮಾನದ ಕೊನೆಯ ಭಾಗದಿಂದ ಯುರೋಪಿನ ಕಾರ್ಖಾನೆಗಳು ಈ ನಷ್ಟವನ್ನು ತುಂಬಲು ತವರದ ಲವಣಗಳನ್ನು ನೂಲಿಗೆ ಕುಡಿಸತೊಡಗಿದವು. ಹೊಸತಾಗಿದ್ದಾಗ ಅಂಥ ರೇಷ್ಮೆ ಭಾರವಾಗಿ, ಸರಸರ ಸದ್ದು ಮಾಡುತ್ತ ಬೀಳುತ್ತದೆ, ಆದರೆ ಎಳೆಯೊಳಗೆ ಕುಳಿತ ಲೋಹ ಬೆಳಕು ಮತ್ತು ತೇವದ ಜೊತೆಗೂಡಿ ಪ್ರೋಟೀನನ್ನು ಒಳಗಿನಿಂದಲೇ ಒಡೆಯುತ್ತದೆ. ಆ ಕಾಲದಲ್ಲಿ ಪೇಟೆಯಿಂದ ತಂದ ವಿದೇಶಿ ರೇಷ್ಮೆಯ ಕುಪ್ಪಸ, ಶೇರವಾನಿಯ ಒಳಪದರ, ಛತ್ರಿಯ ಬಟ್ಟೆಗಳಲ್ಲಿ ಇದನ್ನು ಕಾಣಬಹುದು. ತವರ ಇದೆಯೇ ಎಂಬುದನ್ನು ಎಕ್ಸ್‌-ರೇ ಪ್ರತಿದೀಪ್ತಿ ಯಂತ್ರ ಎಳೆಯನ್ನು ಕೀಳದೆಯೇ ಹೇಳುತ್ತದೆ. ಮನೆಯಲ್ಲಿ ಇದಕ್ಕೆ ಪರೀಕ್ಷೆಯಿಲ್ಲ. ಇಂಥ ರೇಷ್ಮೆಗೆ ನೀರು, ಸೂಜಿ, ಅಂಟು ಯಾವುದನ್ನೂ ತೋರಿಸಬೇಡಿ. ಕದಲಿಸದೆ ಚಪ್ಪಟೆಯಾಗಿ ಇಟ್ಟು ತಜ್ಞರಿಗೆ ತಿಳಿಸಿ.

ಮೂರನೆಯ ಬಗೆಯದು ಎರಡು ನಾರುಗಳು ಕೂಡಿದ ಬಟ್ಟೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಎಳೆಗಳಿಗೆ (ಮಗ್ಗದಲ್ಲಿ ಉದ್ದಕ್ಕೆ ಹಾಯುವ ನೂಲು) ಸೆರಗಿನ ರೇಷ್ಮೆ ಹಾಸನ್ನು ಕುಣಿಕೆ ಹಾಕಿ ಜೋಡಿಸಿರುತ್ತಾರೆ. ಒಡಲು ಹತ್ತಿಯದಾಗಿದ್ದರೆ, ತೇವ ಏರಿಳಿದಂತೆ ಎರಡೂ ನಾರುಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಆ ಕುಣಿಕೆಗಳ ಸಾಲಿನಲ್ಲಿಯೇ ಸೀರೆ ಬಿಚ್ಚಿಕೊಳ್ಳುತ್ತದೆ. ಮಶ್ರೂ ಬಟ್ಟೆಯಲ್ಲಿ ಹಾಸು ರೇಷ್ಮೆ, ಅಡ್ಡಕ್ಕೆ ಹಾಯುವ ಹೊಕ್ಕು ಹತ್ತಿ. ಮೇಲಿನ ರೇಷ್ಮೆ ಉದುರಿ ಒಳಗಿನ ಹತ್ತಿ ಮಾತ್ರ ಬಲೆಯಂತೆ ಉಳಿದಿದ್ದರೆ, ಎಲ್ಲಿ ಉದುರಿದೆ ಎಂಬುದೇ ಕಾರಣವನ್ನು ಹೇಳುತ್ತದೆ. ಗೂಟಕ್ಕೆ ತೂಗುಹಾಕಿದ್ದ ಉಡುಪಿನ ಭುಜದ ಮೇಲಾದರೆ ಕಿಟಕಿಯ ಬೆಳಕು, ಕಂಕುಳಲ್ಲಾದರೆ ಬೆವರಿನ ಉಪ್ಪು ಮತ್ತು ಆಮ್ಲ. ನೇರಳಾತೀತ ಕಿರಣಕ್ಕೆ ಹತ್ತಿಗಿಂತ ರೇಷ್ಮೆ ಬೇಗ ಸೋಲುತ್ತದೆ.

ಕಪ್ಪು ಎಳೆಗಳು ಮಾತ್ರ ಉದುರಿವೆ

ಕಲಂಕಾರಿ ಬಟ್ಟೆಯಲ್ಲಿ ಹೂವಿನ ಕೆಂಪು ಗಟ್ಟಿಯಾಗಿದ್ದು ಅದರ ಸುತ್ತಲಿನ ಕಪ್ಪು ಗೆರೆ ಇದ್ದ ಜಾಗದಲ್ಲಿ ಗೆರೆಯಾಕಾರದ ತೂತು ಕಂಡರೆ ಹುಳುವನ್ನು ದೂರಬೇಡಿ. ಹಳೆಯ ಕಪ್ಪನ್ನು ತಯಾರಿಸುತ್ತಿದ್ದುದು ಬೆಲ್ಲದ ನೀರಿನಲ್ಲಿ ಕಬ್ಬಿಣದ ಚೂರುಗಳನ್ನು ಹುಳಿಹಿಡಿಸಿ, ಅಳಲೆಕಾಯಿಯ ಟ್ಯಾನಿನ್ ಎಂಬ ಒಗರು ಸತ್ವ ಕುಡಿದ ಬಟ್ಟೆಗೆ ಅದನ್ನು ಹಚ್ಚಿ. ಕಬ್ಬಿಣ ಮತ್ತು ಟ್ಯಾನಿನ್ ಕೂಡಿದಾಗ ಬರುವ ಕಪ್ಪು ಬಹಳ ಸೊಗಸಾದದ್ದು. ಆದರೆ ಬಂಧಕ್ಕೆ ಸಿಗದೆ ಉಳಿದ ಕಬ್ಬಿಣದ ಅಯಾನುಗಳು ಸೆಲ್ಯುಲೋಸಿನ ಉತ್ಕರ್ಷಣೆಗೆ ವೇಗವರ್ಧಕಗಳಾಗಿ ನಿಲ್ಲುತ್ತವೆ, ಜೊತೆಗೆ ಆಮ್ಲವೂ ಸೇರುತ್ತದೆ. ಕಂದು ಮತ್ತು ಕಪ್ಪು ಬಣ್ಣದ ಉಣ್ಣೆ, ರೇಷ್ಮೆಗಳಲ್ಲೂ ಇದೇ ಕಥೆ.

ಮಸೂರದಲ್ಲಿ ಕಪ್ಪು ಎಳೆಯ ತುದಿಗಳು ಚೂಪಾಗಿ ಮುರಿದಿದ್ದು, ಪಕ್ಕದ ಎಳೆಗಳು ನಯವಾಗಿ ಉಳಿದಿದ್ದರೆ ರೋಗನಿರ್ಣಯ ಬಹುಮಟ್ಟಿಗೆ ಮುಗಿದಂತೆ. ಕಪ್ಪಾಗಿ ಕಾಣುವುದು ಗಾಢ ನೀಲಿಯೂ ಆಗಿರಬಹುದು. ಒಣ ಹತ್ತಿಯ ಬತ್ತಿಯಿಂದ ಮೃದುವಾಗಿ ಒತ್ತಿದಾಗ ನೀಲಿ ಅಂಟಿಕೊಂಡರೆ ಅದು ನೀಲಿಗಿಡದ ಬಣ್ಣ, ಮತ್ತು ಅಂಥ ಎಳೆ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಪ್ರಯೋಗಾಲಯದಲ್ಲಿ ಬ್ಯಾಥೋಫಿನ್ಯಾಂಥ್ರೊಲಿನ್ ಎಂಬ ರಾಸಾಯನಿಕ ಹಚ್ಚಿದ ಕಾಗದದಿಂದ ಬಿಡಿ ಕಬ್ಬಿಣವನ್ನು ನೋಡುತ್ತಾರೆ, ಕಬ್ಬಿಣವಿದ್ದಲ್ಲಿ ಕಾಗದ ಕೆಂಪಡರುತ್ತದೆ. ಇಂಥ ಬಟ್ಟೆಯನ್ನು ನೀರಿನಲ್ಲಿ ಅದ್ದಿದರೆ ಕಬ್ಬಿಣದ ಅಯಾನುಗಳು ಆರೋಗ್ಯವಾಗಿರುವ ಪಕ್ಕದ ಎಳೆಗಳಿಗೂ ಹರಿಯುತ್ತವೆ. ಆದ್ದರಿಂದ ಒಗೆಯುವ ಮಾತೇ ಬೇಡ.

ಕಬ್ಬಿಣದ ಟ್ರಂಕಿನಿಂದ, ಗುಂಡುಸೂಜಿಯಿಂದ ಬಂದ ಕಿತ್ತಳೆ ಬಣ್ಣದ ತುಕ್ಕಿನ ಕಲೆಯೂ ಇದೇ ಜಾತಿಯ ಶತ್ರು. ಹುಣಸೆ, ನಿಂಬೆಹುಳಿ ಹಚ್ಚಿದರೆ ಕಲೆ ಹೋದಂತೆ ಕಾಣುತ್ತದೆ, ಆದರೆ ಆ ಹುಳಿ ಅಲ್ಲಿಯೇ ಉಳಿದು ಹತ್ತಿಯನ್ನು ಕಡಿಯುತ್ತದೆ. ಸೂಜಿಗಳನ್ನು ತೆಗೆದು, ಟ್ರಂಕಿನೊಳಗೆ ದಪ್ಪ ಮಲ್ಲು ಬಟ್ಟೆ ಹಾಸಿ, ಅಲ್ಲಿಗೆ ಬಿಟ್ಟುಬಿಡಿ.

ಜರಿ ಕಪ್ಪಾಗಿದೆ, ಹಸಿರು ಹಿಡಿದಿದೆ

ಹಳೆಯ ಜರಿ, ಅಂದರೆ ಕಲಾಬತ್ತು, ಎಂದರೆ ರೇಷ್ಮೆಯ ಎಳೆಗೆ ಚಪ್ಪಟೆ ಬೆಳ್ಳಿ ತಂತಿಯನ್ನು ಸುತ್ತಿ, ಅದರ ಮೇಲೆ ಬಹಳ ತೆಳುವಾಗಿ ಚಿನ್ನ ಕೂಡಿಸಿದ್ದು. ಬಣ್ಣವನ್ನು ನೋಡಿದರೇ ಅರ್ಧ ವಿಷಯ ತಿಳಿಯುತ್ತದೆ. ಒಂದೇ ಸಮನಾದ ಕಪ್ಪು ಪೊರೆ ಬೆಳ್ಳಿಯ ಸಲ್ಫೈಡು. ಗಂಧಕದ ಆವಿ ಕಂಬಳಿಯಿಂದಲೋ ರಬ್ಬರಿನಿಂದಲೋ ಬಂದಿರುತ್ತದೆ, ಆದ್ದರಿಂದ ಜರಿ ಸೀರೆಯನ್ನು ಉಣ್ಣೆಯ ಜೊತೆಗೆ ಇಡಬಾರದು. ಹಸಿರು ಹಿಡಿದಿದ್ದರೆ ತಾಮ್ರವಿದೆ ಮತ್ತು ತೇವ ತಾಗಿದೆ. ಹೊಳಪು ಸಿಪ್ಪೆಯಂತೆ ಎದ್ದು ಕೆಳಗೆ ಪಾರದರ್ಶಕ ಪಟ್ಟಿ ಕಂಡರೆ ಅದು ಇತ್ತೀಚಿನ ಪ್ಲಾಸ್ಟಿಕ್ ಜರಿ.

ಬೀದರಿನವರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಬಿದರಿ ಪಾತ್ರೆಯಲ್ಲಿ ಸತುವಿನ ಪ್ರಮಾಣವೇ ಹೆಚ್ಚಿರುವ ಮಿಶ್ರಲೋಹವನ್ನು ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪಾಗಿಸಿದಾಗ ಬೆಳ್ಳಿಯ ಕುಸುರಿ ಬೆಳ್ಳಗೇ ನಿಲ್ಲುತ್ತದೆ, ಅದು ಮಂಕಾದರೆ ಉಜ್ಜಿ ಬೆಳಗಿಸಬಹುದು. ಆ ಕೈರೂಢಿಯನ್ನು ಜರಿಗೆ ತರಬೇಡಿ. ಬಿದರಿಯ ಬೆಳ್ಳಿ ದಪ್ಪ ತಂತಿ ಅಥವಾ ತಗಡು, ಜರಿಯ ಚಿನ್ನವಂತೂ ಒಂದೇ ಉಜ್ಜಿಗೆ ಹೋಗಿಬಿಡುವಷ್ಟು ತೆಳು. ಹಲ್ಲುಪುಡಿ, ಹುಣಸೆ, ಬೆಳ್ಳಿ ತೊಳೆಯುವ ದ್ರಾವಣ ಯಾವುದೇ ಆಗಲಿ, ಚಿನ್ನವನ್ನು ಕಿತ್ತು ಬೆಳ್ಳಿಯನ್ನು ಬಯಲು ಮಾಡುತ್ತದೆ, ಮತ್ತು ಬಯಲಾದ ಬೆಳ್ಳಿ ಮೊದಲಿಗಿಂತ ಬೇಗ ಕಪ್ಪಾಗುತ್ತದೆ. ದ್ರಾವಣದ ಆಮ್ಲ ಒಳಗಿನ ರೇಷ್ಮೆಯಲ್ಲಿ ಉಳಿದು ಅದನ್ನೂ ಕೊಲ್ಲುತ್ತದೆ. ಕಪ್ಪು ಜರಿ ಕಪ್ಪಾಗಿಯೇ ಇರಲಿ, ಅದು ಗಟ್ಟಿಯಾಗಿರುತ್ತದೆ. ಕಪ್ಪಾಯಿತೆಂಬ ಒಂದೇ ಕಾರಣಕ್ಕೆ ಮನೆಬಾಗಿಲಿಗೆ ಬರುವ ಹಳೆ ಜರಿಯ ವ್ಯಾಪಾರಿಗೆ ತೂಕಕ್ಕೆ ಕೊಟ್ಟರೆ, ಬೆಳ್ಳಿಗಾಗಿ ಸೀರೆಯನ್ನೇ ಸುಟ್ಟುಬಿಡುತ್ತಾರೆ. ಇದು ನನಗೆ ತುಂಬ ಸಂಕಟದ ಸಂಗತಿ.

ಬಣ್ಣ ಮಾಸಿದೆ ಅಥವಾ ಹರಡಿದೆ

ಹೊಲಿಗೆಯ ಒಳಮಡಿಕೆಯನ್ನು ತೆರೆದು ಹೊರಗಿನ ಬಣ್ಣದ ಜೊತೆ ಹೋಲಿಸಿ. ಒಳಗೆ ಗಾಢ, ಹೊರಗೆ ಮಂಕು ಎಂದಾದರೆ ಬೆಳಕಿನ ಹಾನಿ. ಎರಡೂ ಕಡೆ ಒಂದೇ ಸಮನಾಗಿ ಮಾಸಿದ್ದರೆ ಒಗೆತವೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಬೆಳಕಿನ ಹಾನಿ ಕೂಡುತ್ತ ಹೋಗುವಂಥದ್ದು, ಕತ್ತಲಲ್ಲಿಟ್ಟ ಮಾತ್ರಕ್ಕೆ ಹಿಂದಿನದು ಅಳಿಯುವುದಿಲ್ಲ. ವಸ್ತುಸಂಗ್ರಹಾಲಯಗಳು ಬಟ್ಟೆಗಳಿಗೆ 50 ಲಕ್ಸ್ ಬೆಳಕಿನ ಮಿತಿಯನ್ನು ಇಟ್ಟುಕೊಂಡಿರುವುದು ಇದಕ್ಕಾಗಿಯೇ. ನಮ್ಮ ಅಂಗಳದ ಬಿಸಿಲು ಅದಕ್ಕಿಂತ ಸಾವಿರಾರು ಪಟ್ಟು ತೀಕ್ಷ್ಣ.

ಎಲ್ಲ ಬಣ್ಣವೂ ಒಂದೇ ವೇಗದಲ್ಲಿ ಹೋಗುವುದಿಲ್ಲ. ಪಟಿಕದ ಜೊತೆ ಕೂಡಿಸಿದ ಮಂಜಿಷ್ಠದ ಕೆಂಪು ಬಹುಕಾಲ ನಿಲ್ಲುತ್ತದೆ. ಅರಿಶಿನ ಬೇಗ ಹಾರುತ್ತದೆ. ನೀಲಿಯ ಮೇಲೆ ಅರಿಶಿನ ಕೂಡಿಸಿ ಪಡೆದ ಹಸಿರು ದಡಿ ಈಗ ನೀಲಿಯಾಗಿ ಕಂಡರೆ, ಹಳದಿ ಹೋಗಿ ನೀಲಿ ಉಳಿದಿದೆ ಎಂದು ತಿಳಿಯಬೇಕು. ನಮ್ಮ ಹೊಲಗಳಲ್ಲಿ ಎಣ್ಣೆಗಾಗಿ ಬೆಳೆಯುವ ಕುಸುಬೆಯ ಹೂವಿನಿಂದ ತೆಗೆಯುತ್ತಿದ್ದ ಗುಲಾಬಿ ಕೆಂಪು ಬೆಳಕಿಗೂ ನಿಲ್ಲದು, ಸೋಡಾ ಮತ್ತು ಸಬ್ಬಿನ ಕ್ಷಾರಕ್ಕೂ ನಿಲ್ಲದು: ಒಂದೇ ಒಗೆತಕ್ಕೆ ನೀರುಪಾಲು. ಕೆನ್ನೀಲಿ, ಕಡುಗುಲಾಬಿಯಂಥ ಉಜ್ವಲ ಬಣ್ಣ ನೀರು ತಾಗಿದೊಡನೆ ಹರಡಿದ್ದರೆ ಅದು ಆರಂಭಿಕ ರಾಸಾಯನಿಕ ಬಣ್ಣವಾಗಿರಬಹುದು. ವಿಲಿಯಂ ಪರ್ಕಿನ್ ಮೊದಲ ಕೃತಕ ಬಣ್ಣವನ್ನು ಕಂಡುಹಿಡಿದದ್ದು 1856ರಲ್ಲಿ, ಆದ್ದರಿಂದ ಅಂಥ ಎಳೆಯಿರುವ ಬಟ್ಟೆ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಯಾವ ಬಣ್ಣವೆಂದು ಖಚಿತವಾಗಿ ಹೇಳಲು ಬಣ್ಣದ ಘಟಕಗಳನ್ನು ಬೇರ್ಪಡಿಸಿ ನೋಡುವ ದ್ರವ ವರ್ಣರೇಖನ ಪರೀಕ್ಷೆಗೆ ಕೆಲವು ಮಿಲಿಮೀಟರ್ ಎಳೆ ಸಾಕಾಗುತ್ತದೆ.

ಒಗೆಯಲೇಬೇಕೆಂದು ತೋರಿದರೆ, ಪ್ರತಿಯೊಂದು ಬಣ್ಣದ ಮೇಲೂ ಮರೆಯ ಜಾಗದಲ್ಲಿ ಬಟ್ಟಿ ಇಳಿಸಿದ ನೀರಿನ ಹನಿಯಿಟ್ಟು ಬ್ಲಾಟಿಂಗ್ ಕಾಗದವನ್ನು ಕೆಲವು ನಿಮಿಷ ಒತ್ತಿ. ಒಂದು ಬಣ್ಣದ ನೆರಳು ಕಾಗದಕ್ಕೆ ಬಂದರೂ ಒಗೆಯಬೇಡಿ.

ತೂತುಗಳು

ಇಲ್ಲಿ ಹೆಚ್ಚು ಯೋಚಿಸಬೇಕಾಗಿಲ್ಲ. ಕಂಬಳಿ, ಶಾಲುಗಳಲ್ಲಿ ದುಂಡನೆಯ ತೂತು, ಜೊತೆಗೆ ಬಲೆ ಅಥವಾ ರೋಮವಿರುವ ಕಂದು ಪೊರೆ ಕಂಡರೆ ಉಣ್ಣೆಯ ಕೆರಾಟಿನ್ ಎಂಬ ಪ್ರೋಟೀನನ್ನು ತಿನ್ನುವ ನುಸಿ ಅಥವಾ ಕಾರ್ಪೆಟ್ ದುಂಬಿಯ ಮರಿ. ಗಂಜಿ ಹಾಕಿದ ಹತ್ತಿಯ ಮೇಲ್ಮೈ ಕೆರೆದಂತಿದ್ದರೆ ಬೆಳ್ಳಿಮೀನು ಹುಳು. ಮಣ್ಣಿನ ಗೆರೆ ಕಂಡರೆ ಗೆದ್ದಲು. ಆಗ ಬಟ್ಟೆಗಿಂತ ಮೊದಲು ಗೋಡೆಗೆ ಚಿಕಿತ್ಸೆ ಬೇಕು. ಉಣ್ಣೆಯನ್ನು ಎರಡು ಪಾಲಿಥೀನ್ ಚೀಲಗಳಲ್ಲಿ ಗಾಳಿ ತೆಗೆದು ಮುಚ್ಚಿ ಮೈನಸ್ 20 ಡಿಗ್ರಿಯ ಶೀತಪೆಟ್ಟಿಗೆಯಲ್ಲಿ 2 ವಾರ ಇಟ್ಟರೆ ಮೊಟ್ಟೆಗಳೂ ಸಾಯುತ್ತವೆ. ಹೊರತೆಗೆದ ಮೇಲೆ ಒಂದು ದಿನ ಪೂರ್ತಿ ಚೀಲ ಬಿಚ್ಚಬಾರದು, ಬಿಚ್ಚಿದರೆ ಗಾಳಿಯ ತೇವ ಬಟ್ಟೆಯ ಮೇಲೆ ಇಳಿಯುತ್ತದೆ. ಕನ್ನಡಿ, ನಾಣ್ಯ, ಕವಡೆಗಳಿರುವ ಲಂಬಾಣಿ ಕಸೂತಿಗೆ ಇದನ್ನು ಮಾಡಬೇಡಿ. ಬೇವಿನ ಸೊಪ್ಪನ್ನು ನೇರವಾಗಿ ಬಟ್ಟೆಯ ನಡುವೆ ಇಟ್ಟರೆ ಎಲೆಯ ಕಲೆ ಉಳಿಯುತ್ತದೆ.

ಮುಗ್ಗಲು ವಾಸನೆ, ಚುಕ್ಕೆಗಳು

ಆರ್ದ್ರತೆ ಶೇ 65 ದಾಟಿ ಕೆಲವು ದಿನ ನಿಂತರೆ ಬೂಷ್ಟು ಏಳುತ್ತದೆ. ಶಹಾಬಾದ್ ಕಲ್ಲಿನ ನೆಲದ ಮೇಲೆ ನೇರವಾಗಿ ಇಟ್ಟ ಟ್ರಂಕಿನ ತಳವನ್ನು ಮಳೆಗಾಲದಲ್ಲಿ ಮುಟ್ಟಿ ನೋಡಿ. ತಣ್ಣಗಿದ್ದರೆ ಒಳಗಿನ ತೇವ ಅಲ್ಲಿಯೇ ಕಟ್ಟಿಕೊಳ್ಳುತ್ತಿದೆ. ನಾಲ್ಕು ಇಟ್ಟಿಗೆಗಳ ಮೇಲೆ ಎತ್ತಿಟ್ಟು, ಹೊರಗೋಡೆಯಿಂದ ಗೇಣುದ್ದ ದೂರ ಸರಿಸಿ. ಮೃದು ಕುಂಚ ಮುಟ್ಟಿಸಿದಾಗ ಬೂಷ್ಟು ಪುಡಿಯಾಗಿ ಹಾರಿದರೆ ಅದು ಸದ್ಯಕ್ಕೆ ನಿಷ್ಕ್ರಿಯ, ಮೆತ್ತಿಕೊಂಡರೆ ಇನ್ನೂ ಬೆಳೆಯುತ್ತಿದೆ. ಮುಖಗವಸು ಹಾಕಿಕೊಂಡು, ಹೊರಗೆ ನೆರಳಿನಲ್ಲಿ ಗಾಳಿಗಿಟ್ಟು, ಒಣಗಿದ ಮೇಲಷ್ಟೇ ಕುಂಚದಿಂದ ತೆಗೆಯಬೇಕು. ಉಬ್ಬಸ ಇರುವವರು ಈ ಕೆಲಸ ಮಾಡಬಾರದು.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಆದಂತೆ ನೆರೆಯ ನೀರು ಪೆಟ್ಟಿಗೆಗೆ ನುಗ್ಗಿದರೆ, 48 ಗಂಟೆಯೊಳಗೆ ಒಣಗಿಸಬೇಕು ಇಲ್ಲವೇ ಶೀತಪೆಟ್ಟಿಗೆಗೆ ಹಾಕಿ ಸಮಯವನ್ನು ಗಳಿಸಿಕೊಳ್ಳಬೇಕು. ನೆನೆದ ರೇಷ್ಮೆಯನ್ನು ಹಿಂಡಬೇಡಿ, ತುದಿ ಹಿಡಿದು ಎತ್ತಬೇಡಿ. ತನ್ನದೇ ನೀರಿನ ಭಾರಕ್ಕೆ ಅದು ಹರಿಯುತ್ತದೆ. ಕೆಳಗೆ ಚಾದರ ತೂರಿಸಿ ಇಬ್ಬರು ಸೇರಿ ಎತ್ತಿ.

ಕೈ ನಿಲ್ಲಿಸಬೇಕಾದ ಜಾಗ

ಬಟ್ಟೆಯ ಎಳೆ ಬೆರಳಿಗೆ ಪುಡಿಯಾಗಿ ಅಂಟಿದರೆ, ಸಮಾನಾಂತರ ಸೀಳುಗಳಿದ್ದರೆ, ಕಪ್ಪು ಬಣ್ಣ ಉದುರುತ್ತಿದ್ದರೆ, ಬಿಳಿ ಪುಡಿ ಕಂಡರೆ, ಅಥವಾ ಬಟ್ಟೆ ದರ್ಗಾ, ಮಠ, ಗುಡಿಗೆ ಸೇರಿದ್ದಾಗಿದ್ದರೆ ಮನೆಯ ಪರೀಕ್ಷೆ ಅಲ್ಲಿಗೆ ಮುಗಿಯಿತು. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಸಂರಕ್ಷಣಾ ಪ್ರಯೋಗಾಲಯವಿದೆ, ನಮ್ಮ ಮೂರೂ ಜಿಲ್ಲೆಗಳಿಗೆ ಅದು ಬೆಂಗಳೂರಿಗಿಂತ ಹತ್ತಿರ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಜೊತೆಗಿರುವ, ಕಲೆ ಮತ್ತು ಪರಂಪರೆಯನ್ನು ಉಳಿಸುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾ ಪ್ರಯೋಗಾಲಯದ ಪ್ರಾದೇಶಿಕ ಘಟಕ ಮೈಸೂರಿನಲ್ಲಿದೆ. ಬಟ್ಟೆಯನ್ನು ಒಯ್ಯುವ ಮೊದಲು ಫೋಟೊಗಳ ಜೊತೆ ಬರೆದು ಕೇಳಿ.

ಆ ಬರಹದಲ್ಲಿ ಬಟ್ಟೆ ಯಾರದ್ದು, ಎಲ್ಲಿ, ಯಾವ ಪೆಟ್ಟಿಗೆಯಲ್ಲಿ, ಯಾವುದರ ಪಕ್ಕದಲ್ಲಿತ್ತು, ಯಾವಾಗ ಕೊನೆಯ ಸಲ ಒಗೆದದ್ದು, ಯಾವ ಪುಡಿ ಅಥವಾ ಗುಳಿಗೆ ಹಾಕಿದ್ದು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ತಪ್ಪದೆ ಬರೆಯಿರಿ. ಯಂತ್ರ ತವರವನ್ನು ತೋರಿಸಬಲ್ಲದು, ಕಬ್ಬಿಣವನ್ನು ತೋರಿಸಬಲ್ಲದು. ಸೀರೆ ಹತ್ತು ವರ್ಷ ದೇವರಮನೆಯ ಕಿಟಕಿಯ ಎದುರು ತೂಗುತ್ತಿತ್ತು ಎಂಬುದನ್ನು ಹೇಳಬಲ್ಲವರು ಅವರೇ. ತಳದಿಂದ ಎತ್ತಿಟ್ಟ ಆ ಪುಡಿಯ ಪೊಟ್ಟಣವನ್ನೂ ಬಟ್ಟೆಯ ಜೊತೆಗೆ ಒಯ್ಯಿರಿ.